ಕಾರ್ಟೂನ್ ಕಾಗದದಿಂದ ಕಂಪ್ಯೂಟರಿಗೆ: ಮೊದಲು ಬಣ್ಣ, ಆಮೇಲೆ ಇಂಕು, ಕೊನೆಗೆ ಪೆನ್ಸಿಲ್

ಹುಬ್ಬಳ್ಳಿ-ಧಾರವಾಡದ ಕಡೆ ಕಾರ್ಟೂನ್ ಬರೆಯುವವರಲ್ಲಿ ಎರಡು ಬಗೆಯವರನ್ನು ನೋಡಿದ್ದೇನೆ. "ನಮ್ಮ ಕಾಲಕ್ಕ ಇಷ್ಟ ಸಾಕ್ರಿ" ಎಂದು ನಿಬ್ಬು, ಇಂಡಿಯನ್ ಇಂಕು ಕೈಬಿಡದವರು ಒಂದು ಬಗೆ. ಹಬ್ಬದ ಆಫರಿನಲ್ಲಿ ಪೆನ್ ಟ್ಯಾಬ್ಲೆಟ್ (ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಬರೆಯುವ ಹಲಗೆ) ತರಿಸಿ, ಒಂದು ವಾರ ಗುದ್ದಾಡಿ, ಗೆರೆಯೆಲ್ಲ ಸೊಟ್ಟ ಬರುತ್ತದೆಂದು ಅಟ್ಟಕ್ಕೆ ಹಾಕಿದವರು ಇನ್ನೊಂದು ಬಗೆ. ಎರಡನೆಯವರ ಟ್ಯಾಬ್ಲೆಟ್‌ನಲ್ಲಿ ದೋಷವಿರುವುದು ಅಪರೂಪ. ದೋಷ ಅವರು ಹಿಡಿದ ಕ್ರಮದಲ್ಲಿದೆ. ಪೆನ್ಸಿಲ್, ಇಂಕು, ಬಣ್ಣ ಮೂರನ್ನೂ ಒಂದೇ ದಿನ ಯಂತ್ರಕ್ಕೆ ಒಪ್ಪಿಸಿದರೆ ಇಪ್ಪತ್ತು-ಮೂವತ್ತು ವರ್ಷ ಪಳಗಿದ ಕೈಯೂ ಕಕ್ಕಾಬಿಕ್ಕಿಯಾಗುತ್ತದೆ.

ನನ್ನ ಸಲಹೆ ಇಷ್ಟೇ: ಹಿಂದಿನಿಂದ ಹೊರಡಿ. ಕಾರ್ಟೂನಿನ ಕೊನೆಯ ಕೆಲಸ ಬಣ್ಣ. ಅದನ್ನು ಮೊದಲು ಕಂಪ್ಯೂಟರಿಗೆ ಒಯ್ಯಿರಿ; ಪೆನ್ಸಿಲ್ಲೂ ಇಂಕೂ ಕಾಗದದ ಮೇಲೇ ಇರಲಿ. ಅದು ಕೈಗೆ ಹತ್ತಿದ ಮೇಲೆ ಇಂಕು. ಪೆನ್ಸಿಲ್ ಎಲ್ಲಕ್ಕಿಂತ ಕೊನೆಗೆ, ಅದೂ ಬೇಕೆನಿಸಿದರೆ. ಈ ದಾರಿಯಲ್ಲಿ ಒಂದು ದಿನವೂ ನಿಮ್ಮ ಕೆಲಸ ನಿಲ್ಲುವುದಿಲ್ಲ. ಪತ್ರಿಕೆಗೆ ಸಂಜೆಯೊಳಗೆ ಚಿತ್ರ ಕೊಡಬೇಕಾದವರಿಗೆ ಇದು ಸಣ್ಣ ಮಾತಲ್ಲ.

ಏನು ಬೇಕು, ಏನು ಬೇಡ

ಬಣ್ಣದ ಹಂತಕ್ಕೆ ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ಮನೆಯಲ್ಲಿರುವ ಕಂಪ್ಯೂಟರ್, 8 ಜಿಬಿ ರ್‍ಯಾಮ್, ಒಂದು ಮೌಸ್ ಸಾಕು. ಸಾಫ್ಟ್‌ವೇರಿಗೆ ಕ್ರಿಟಾ ಹಾಕಿಕೊಳ್ಳಿ. ಪೂರ್ತಿ ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ, ಮುದ್ರಣಕ್ಕೆ ಬೇಕಾದ ಸಿಎಂವೈಕೆ (ನಾಲ್ಕು ಇಂಕುಗಳ) ಬಣ್ಣಪದ್ಧತಿಯೂ ಅದರಲ್ಲಿದೆ. ಫೋಟೋಶಾಪ್ ಗೊತ್ತಿದ್ದವರು ಅದರಲ್ಲೇ ಮಾಡಿ, ಹೆಸರುಗಳು ಸ್ವಲ್ಪ ಬೇರೆ, ಕೆಲಸ ಒಂದೇ. ಐಪ್ಯಾಡ್ ಇದ್ದವರಿಗೆ ಪ್ರೊಕ್ರಿಯೇಟ್ ಇದೆ. ಬರೀ ಮೊಬೈಲ್ ಇದೆ ಎನ್ನುವವರು ಐಬಿಸ್ ಪೇಂಟ್‌ನಿಂದ ಶುರುಮಾಡಬಹುದು. ಬೆರಳಿನಲ್ಲಿ ಬಣ್ಣ ತುಂಬಲು ಬರುತ್ತದೆ, ಗೆರೆ ಎಳೆಯಲು ಮಾತ್ರ ಬರುವುದಿಲ್ಲ.

ಇಂಕಿನ ಹಂತಕ್ಕೆ ಬಂದಾಗ ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್ ತೆಗೆದುಕೊಳ್ಳಿ. ವೇಕಾಮ್, ಹುಯಿಯಾನ್, ಎಕ್ಸ್‌ಪಿ-ಪೆನ್ ಮೂರೂ ನಡೆಯುತ್ತವೆ. ಸಾಧಾರಣ ಮಾದರಿಗಳು ಸುಮಾರು 3ರಿಂದ 6 ಸಾವಿರಕ್ಕೆ ಸಿಗುತ್ತವೆ. ಡಬ್ಬಿಯ ಮೇಲೆ 8192 ಒತ್ತಡದ ಮಟ್ಟ (ಪೆನ್ನನ್ನು ಎಷ್ಟು ಒತ್ತಿದಿರಿ ಎಂದು ಅಳೆಯುವ ಮೆಟ್ಟಿಲು) ಎಂದು ದೊಡ್ಡದಾಗಿ ಬರೆದಿರುತ್ತಾರೆ. 4096 ಇದ್ದರೂ ನಿಮ್ಮ ಕೈಗೆ ವ್ಯತ್ಯಾಸ ತಿಳಿಯುವುದಿಲ್ಲ, ಅದಕ್ಕೆ ಮರುಳಾಗಬೇಡಿ. ನೋಡಬೇಕಾದದ್ದು ಬರೆಯುವ ಜಾಗದ ಅಳತೆ. 6×4 ಇಂಚಿನದರಲ್ಲಿ ಮಣಿಕಟ್ಟಷ್ಟೇ ಆಡುತ್ತದೆ. ಬ್ರಷ್ ಹಿಡಿದು ಮೊಣಕೈಯಿಂದ ಗೆರೆ ಬೀಸುವ ಅಭ್ಯಾಸವಿದ್ದವರಿಗೆ 10×6 ಇಂಚಿನದೇ ಬೇಕು. ಪರದೆ ಇರುವ ಟ್ಯಾಬ್ಲೆಟ್ ಇದರ ಹಲವು ಪಟ್ಟು ದುಬಾರಿ. ಒಂದು ವರ್ಷ ಕೆಲಸ ಮಾಡಿ, ಅದರಿಂದ ದುಡ್ಡು ಬಂದ ಮೇಲೆ ಆ ಯೋಚನೆ.

ಸ್ಕ್ಯಾನ್

ಹಿಂದೆ ಪತ್ರಿಕೆಗೆ ಸತುವಿನ ಲೈನ್ ಬ್ಲಾಕ್ (ಗೆರೆಚಿತ್ರ ಅಚ್ಚೊತ್ತುವ ತಗಡು) ಮಾಡಿಸುತ್ತಿದ್ದ ಕಾಲದಲ್ಲಿ ಇಂಕು ಕಪ್ಪಗೆ, ಕಾಗದ ಬೆಳ್ಳಗೆ ಇರಲೇಬೇಕಿತ್ತು. ಬೂದು ಬಣ್ಣ ಬ್ಲಾಕಿಗೆ ಹತ್ತುತ್ತಿರಲಿಲ್ಲ. ಆ ಶಿಸ್ತು ಇದ್ದವರಿಗೆ ಸ್ಕ್ಯಾನ್ ಸಲೀಸು. ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕಿನಲ್ಲಿ ಬರೆದು, ಪೂರ್ತಿ ಒಣಗಿಸಿ, ಪೆನ್ಸಿಲ್ ಗೆರೆ ಅಳಿಸಿ.

ಸ್ಕ್ಯಾನರ್ ಇಲ್ಲದವರು ಝೆರಾಕ್ಸ್ ಅಂಗಡಿಗೆ ಹೋದಾಗ ಬಿಡಿಸಿ ಹೇಳಬೇಕು. ವಿದ್ಯಾನಗರದಲ್ಲಾಗಲಿ, ಧಾರವಾಡದ ಲೈನ್ ಬಜಾರದಲ್ಲಾಗಲಿ ಸುಮ್ಮನೆ "ಸ್ಕ್ಯಾನ್ ಮಾಡ್ರಿ" ಎಂದರೆ 150 ಅಥವಾ 200 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಪಿಡಿಎಫ್ ಮಾಡಿ ಮೇಲ್ ಕಳಿಸುತ್ತಾರೆ. ಅವರದು ಆಧಾರ್ ಕಾರ್ಡಿನ ರೂಢಿ. "ತಮ್ಮಾ, ಗ್ರೇಸ್ಕೇಲ್ ಇಡು, 600 ಡಿಪಿಐ, ಪಿಡಿಎಫ್ ಬ್ಯಾಡ, ಟಿಫ್ ಇಲ್ಲಾ ಪಿಎನ್‌ಜಿ ಮಾಡು, ಪೆನ್‌ಡ್ರೈವ್‌ಗೆ ಹಾಕು" — ಇಷ್ಟು ಹೇಳಿ. ಬ್ಲ್ಯಾಕ್ ಆ್ಯಂಡ್ ವೈಟ್ ಎನ್ನುವ ಆಯ್ಕೆಯನ್ನು ಮುಟ್ಟಗೊಡಬೇಡಿ. ಅದು ಗೆರೆಯ ಅಂಚನ್ನು ಗರಗಸ ಮಾಡುತ್ತದೆ, ಒಣ ಬ್ರಷ್ಷಿನ ಉಜ್ಜು ಗೆರೆಗಳನ್ನು ನುಂಗಿಹಾಕುತ್ತದೆ.

600 ಡಿಪಿಐನಲ್ಲಿ ಎ4 ಹಾಳೆ 4960×7016 ಪಿಕ್ಸೆಲ್ ಆಗುತ್ತದೆ. ಬಣ್ಣದ ಒಂದು ಪದರಕ್ಕೇ (ಲೇಯರ್ — ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥದ್ದು) ಸುಮಾರು 140 ಎಂಬಿ ನೆನಪು ತಿನ್ನುತ್ತದೆ. 300ಕ್ಕೆ ಇಳಿಸಿದರೆ 35 ಎಂಬಿ. ಕಂಪ್ಯೂಟರ್ ಹಳೆಯದಾದರೆ 600ರಲ್ಲಿ ಸ್ಕ್ಯಾನ್ ಮಾಡಿಸಿ, ಗೆರೆ ಶುದ್ಧ ಮಾಡಿ, ಬಣ್ಣ ತುಂಬುವ ಮುಂಚೆ 300ಕ್ಕೆ ಇಳಿಸಿಕೊಳ್ಳಿ.

ಮೊಬೈಲಿನಲ್ಲಿ ಫೋಟೋ ತೆಗೆದೂ ನಡೆಸಬಹುದು. ಕಿಟಕಿಯ ಬೆಳಕು, ಫ್ಲ್ಯಾಶ್ ಬಂದ್, ಕಾಗದಕ್ಕೆ ನೇರ ಮೇಲಿನಿಂದ. ಹತ್ತಿರ ಹಿಡಿದರೆ ಅಂಚುಗಳು ಡೊಂಕಾಗುತ್ತವೆ, ದೂರ ನಿಂತು ಜೂಮ್ ಮಾಡಿ.

ಗೆರೆ ಶುದ್ಧ ಮಾಡುವುದು

ಕ್ರಿಟಾದಲ್ಲಿ ಚಿತ್ರ ತೆರೆದು, ಗ್ರೇಸ್ಕೇಲ್ ಇದ್ದರೆ ಇಮೇಜ್ ಮೆನುವಿನಿಂದ ಆರ್‌ಜಿಬಿಗೆ (ಪರದೆಯ ಕೆಂಪು-ಹಸಿರು-ನೀಲಿ ಪದ್ಧತಿ) ಬದಲಿಸಿ, ಕಂಟ್ರೋಲ್-ಎಲ್ ಒತ್ತಿದರೆ ಲೆವೆಲ್ಸ್ ಬರುತ್ತದೆ. ಕೆಳಗೆ ಮೂರು ಸಣ್ಣ ತ್ರಿಕೋನ. ಬಲಗಡೆಯದನ್ನು ಕಾಗದದ ಕೊಳೆ ಮಾಯವಾಗುವವರೆಗೆ ಎಡಕ್ಕೆ, ಎಡಗಡೆಯದನ್ನು ಇಂಕು ಗಟ್ಟಿ ಕಪ್ಪಾಗುವವರೆಗೆ ಬಲಕ್ಕೆ ಸರಿಸಿ. ಎರಡೂ ಒಂದಕ್ಕೊಂದು ತಾಗುವಷ್ಟು ಹತ್ತಿರ ತಂದರೆ ಗೆರೆಗೆ ಜೀವ ಹೋಗುತ್ತದೆ. ಆಮೇಲೆ ಫಿಲ್ಟರ್ ಮೆನುವಿನಲ್ಲಿ ಕಲರ್ ಟು ಆಲ್ಫಾ ಹುಡುಕಿ, ಬಿಳಿ ಆರಿಸಿ, ಸರಿ ಎನ್ನಿ. ಕಾಗದ ಮಾಯವಾಗಿ ಇಂಕು ಮಾತ್ರ ಪಾರದರ್ಶಕ ಹಾಳೆಯ ಮೇಲೆ ನಿಂತಂತೆ ಉಳಿಯುತ್ತದೆ. ಈ ಪದರಕ್ಕೆ "ಗೆರೆ" ಎಂದು ಹೆಸರಿಟ್ಟು ಬೀಗ ಹಾಕಿ. ಇನ್ನು ಇದನ್ನು ಮುಟ್ಟುವಂತಿಲ್ಲ.

ತಿಳಿನೀಲಿ ಪೆನ್ಸಿಲ್‌ನಲ್ಲಿ ಸ್ಕೆಚ್ ಮಾಡುವವರಿಗೆ ಒಂದು ಲಾಭವಿದೆ: ಅಳಿಸುವ ಕೆಲಸವೇ ಬೇಡ. ಗ್ರೇಸ್ಕೇಲ್ ಬದಲು ಕಲರ್‌ನಲ್ಲಿ ಸ್ಕ್ಯಾನ್ ಮಾಡಿಸಿ, ಡಿಸ್ಯಾಚುರೇಟ್ ಫಿಲ್ಟರಿನಲ್ಲಿ ಮ್ಯಾಕ್ಸ್ ಆರಿಸಿದರೆ ನೀಲಿ ಹೆಚ್ಚುಕಡಿಮೆ ಬಿಳಿಯಾಗಿಬಿಡುತ್ತದೆ, ಕಪ್ಪು ಹಾಗೇ ಉಳಿಯುತ್ತದೆ. ಉಳಿದ ಚೂರು ಲೆವೆಲ್ಸ್‌ನಲ್ಲಿ ಹೋಗುತ್ತದೆ.

ಬಣ್ಣ: ಇಲ್ಲಿ ನಿಧಾನವಾಗಿ

ಒಂದು ಚಿತ್ರ ಇಟ್ಟುಕೊಂಡು ನೋಡೋಣ. ಚಿಗರಿ ಬಸ್ಸಿಗೆ ಕಾದು ನಿಂತ ಅಜ್ಜ, ಅಜ್ಜಿ. ಅಜ್ಜನಿಗೆ ಬಿಳಿ ಟೊಪಿಗೆ, ಧೋತರ. ಅಜ್ಜಿಗೆ ಇಳಕಲ್ ಸೀರೆ. ಮಗ್ಗುಲಲ್ಲಿ ಮಿರ್ಚಿ ಬಂಡಿ.

ಗೆರೆಯ ಪದರದ ಕೆಳಗೆ ಹೊಸ ಪದರ ಮಾಡಿ. ಇದು ಮಟ್ಟಸ ಬಣ್ಣದ ಪದರ, ನೆರಳು-ಬೆಳಕು ಏನೂ ಇಲ್ಲದ್ದು. ಫಿಲ್ ಟೂಲ್ ತೆಗೆದುಕೊಂಡು ಅದರ ಆಯ್ಕೆಗಳಲ್ಲಿ ಎರಡು ಸಂಗತಿ ಸರಿಮಾಡಿ. ಒಂದು, ಅದು ಎಲ್ಲ ಪದರಗಳನ್ನೂ ನೋಡಿ ತುಂಬುವಂತಿರಬೇಕು. ಇಲ್ಲವಾದರೆ ಗೆರೆ ಅದಕ್ಕೆ ಕಾಣದೆ ಇಡೀ ಹಾಳೆ ಕೆಂಪಾಗುತ್ತದೆ. ಎರಡು, ಗ್ರೋ ಸೆಲೆಕ್ಷನ್ ಅನ್ನು 2 ಅಥವಾ 3 ಪಿಕ್ಸೆಲ್ ಮಾಡಿ. ಇಂಕಿನ ಅಂಚು ಮೆಲ್ಲಗೆ ಮಸುಕಾಗುತ್ತ ಹೋಗುವುದರಿಂದ ಬಣ್ಣ ಗೆರೆಯ ಹೊರಗೇ ನಿಂತು, ನಡುವೆ ಬಿಳಿ ಕೂದಲಿನಂಥ ಸಂದು ಉಳಿಯುತ್ತದೆ. ಬಣ್ಣ ಗೆರೆಯ ಅಡಿಗೆ ನುಗ್ಗಬೇಕು.

ಇನ್ನು ದೊಡ್ಡ ತಲೆನೋವು: ಸಂದು ಬಿಟ್ಟ ಗೆರೆ. ಕೈಯಲ್ಲಿ ಬರೆದ ಕಾರ್ಟೂನಿನಲ್ಲಿ ಅಜ್ಜನ ಧೋತರದ ನೆರಿಗೆ ಎಲ್ಲೋ ಶುರುವಾಗಿ ಎಲ್ಲೋ ಬಿಟ್ಟುಹೋಗುತ್ತದೆ, ಮೊಣಕೈ ಪೂರ್ತಿ ಮುಚ್ಚಿರುವುದಿಲ್ಲ. ಫಿಲ್ ಟೂಲ್ ಒತ್ತಿದರೆ ಬಣ್ಣ ಆ ಸಂದಿನಿಂದ ಸೋರಿ ಹಾಳೆ ತುಂಬ ಹರಿಯುತ್ತದೆ. ಆಗ ಬಹಳ ಜನ ಏನು ಮಾಡುತ್ತಾರೆಂದರೆ, ಮುಂದಿನ ಚಿತ್ರದಿಂದ ಎಲ್ಲ ಗೆರೆಗಳನ್ನೂ ಬಿಗಿಯಾಗಿ ಮುಚ್ಚಿ ಬರೆಯತೊಡಗುತ್ತಾರೆ. ಇದೊಂದು ಮಾತ್ರ ಮಾಡಬೇಡಿ! ನಿಮ್ಮ ಗೆರೆಯ ಗುರುತು ಇರುವುದೇ ಆ ಬಿಟ್ಟ ಜಾಗಗಳಲ್ಲಿ. ಸಾಫ್ಟ್‌ವೇರಿನ ಅನುಕೂಲಕ್ಕೆ ಕೈ ಬದಲಿಸಿದರೆ ನಾಲ್ಕು ತಿಂಗಳಲ್ಲಿ ನಿಮ್ಮ ಚಿತ್ರವೂ ಪಕ್ಕದವನ ಚಿತ್ರವೂ ಒಂದೇ ಆಗುತ್ತವೆ. ಅದರ ಬದಲು "ಬೇಲಿ" ಎಂಬ ಇನ್ನೊಂದು ಪದರ ಮಾಡಿ, ಎದ್ದು ಕಾಣುವ ಹಸಿರಿನಲ್ಲಿ ಸಂದುಗಳನ್ನಷ್ಟೇ ಮುಚ್ಚಿ, ಬಣ್ಣ ತುಂಬಿದ ಮೇಲೆ ಕಣ್ಣಿನ ಗುರುತು ಒತ್ತಿ ಆ ಪದರವನ್ನು ಮರೆಮಾಡಿಬಿಡಿ. ಕ್ರಿಟಾದಲ್ಲಿ ಕಲರೈಸ್ ಮಾಸ್ಕ್ ಎಂಬ ಸೌಲಭ್ಯವೂ ಇದೆ. ಟೊಪಿಗೆಯ ಮೇಲೊಂದು ಬಿಳಿ ಗೀಟು, ಸೀರೆಯ ಮೇಲೊಂದು ನೀಲಿ ಗೀಟು ಎಳೆದರೆ ಎಲ್ಲಿಂದ ಎಲ್ಲಿಗೆ ತುಂಬಬೇಕೆಂದು ಅದೇ ಊಹಿಸುತ್ತದೆ, ಸಣ್ಣ ಸಂದುಗಳನ್ನು ತಾನೇ ದಾಟುತ್ತದೆ. ಜನಜಂಗುಳಿಯ ಚಿತ್ರವಾದರೆ ಅದರ ಊಹೆ ತಪ್ಪುವುದೇ ಹೆಚ್ಚು. ಅಲ್ಲಿ ಬೇಲಿಯೇ ಗತಿ.

ಬಿಳಿಗೂ ಬಣ್ಣ ತುಂಬಿ. ಟೊಪಿಗೆ, ಧೋತರ, ಅಜ್ಜನ ಮೀಸೆ ಎಲ್ಲವನ್ನೂ ಬಿಳಿ ಅಥವಾ ತುಸು ಕೆನೆಬಣ್ಣದಿಂದ ತುಂಬಲೇಬೇಕು. ಕಾಗದದಲ್ಲಿ ಬಿಟ್ಟ ಜಾಗವೇ ಬಿಳಿ, ಇಲ್ಲಿ ಬಿಟ್ಟ ಜಾಗ ಎಂದರೆ ತೂತು. ಹಿಂದೆ ಆಕಾಶ ತುಂಬಿದ ಕೂಡಲೇ ಅಜ್ಜನ ಟೊಪಿಗೆ ನೀಲಿಯಾಗಿ, ಮೀಸೆಯೊಳಗೆ ಬಸ್ಸು ಕಾಣುತ್ತದೆ.

ನೆರಳಿಗೆ ಇನ್ನೊಂದು ಪದರ. ಮಟ್ಟಸ ಬಣ್ಣದ ಪದರವನ್ನೂ ನೆರಳಿನ ಪದರವನ್ನೂ ಒಂದೇ ಗುಂಪಿಗೆ ಹಾಕಿ, ನೆರಳಿನ ಪದರಕ್ಕೆ ಇನ್‌ಹೆರಿಟ್ ಆಲ್ಫಾ ಒತ್ತಿ. ಫೋಟೋಶಾಪ್‌ನಲ್ಲಾದರೆ ಕ್ಲಿಪಿಂಗ್ ಮಾಸ್ಕ್. ಆಗ ನೆರಳು ಆಕೃತಿಯಿಂದ ಹೊರಗೆ ಚೆಲ್ಲುವುದಿಲ್ಲ. ಪದರವನ್ನು ಮಲ್ಟಿಪ್ಲೈಗೆ (ಕೆಳಗಿನ ಬಣ್ಣವನ್ನು ಗಾಢ ಮಾಡುವ ಬೆರಕೆ) ಹಾಕಿ ಒಂದೇ ಬಣ್ಣದಲ್ಲಿ ಇಡೀ ಚಿತ್ರದ ನೆರಳು ಬರೆಯಿರಿ. ನಮ್ಮ ಕಡೆಯ ಬೇಸಿಗೆ ಬಿಸಿಲಿಗೆ ತಿಳಿ ನೇರಳೆ ಮಿಶ್ರಿತ ಬೂದು ಒಪ್ಪುತ್ತದೆ. ಕಪ್ಪಿನಿಂದ ನೆರಳು ಹಾಕಿದರೆ ಮುಖಕ್ಕೆ ಮಸಿ ಬಳಿದ ಹಾಗೆ ಕಾಣುತ್ತದೆ. ನೆರಳು ಒಂದೇ ಮಟ್ಟ ಸಾಕು, ತಪ್ಪಿದರೆ ಎರಡು. ಗಲ್ಲದ ಮೇಲೆ ಏರ್‌ಬ್ರಷ್ಷಿನ ಹೊಳಪು ಹಚ್ಚುವ ಚಟ ಹೊಸಬರಿಗೆಲ್ಲ ಬರುತ್ತದೆ. ಗೆರೆ ಚಲೋ ಇದ್ದವರಿಗೆ ಅದು ಬೇಡವೇ ಬೇಡ.

ಅಜ್ಜಿಯ ಸೀರೆಗೆ ಬರೋಣ. ಒಡಲು ಕಡುನೀಲಿ, ಸೆರಗು ಕೆಂಪು. ಸೆರಗಿನ ತೋಪು ತೆನಿ ವಿನ್ಯಾಸವನ್ನು ಒಂದೊಂದಾಗಿ ಬರೆಯುತ್ತ ಕೂತರೆ ಸಂಜೆಯಾಗುತ್ತದೆ. ಬೇರೆ ಹಾಳೆಯಲ್ಲಿ ಒಂದು ಸಾಲು ಬಿಳಿ ತೆನಿ ಬರೆದಿಟ್ಟುಕೊಂಡು, ಬೇಕಾದಾಗ ಕಾಪಿ ಮಾಡಿ, ಟ್ರಾನ್ಸ್‌ಫಾರ್ಮ್ ಟೂಲಿನ ವಾರ್ಪ್‌ನಲ್ಲಿ ನೆರಿಗೆಗೆ ತಕ್ಕಂತೆ ಬಾಗಿಸಿ ಕೂಡಿಸಿ. ನೆರಳಿನ ಪದರ ಅದರ ಮೇಲಿರಲಿ. ಟೊಪಿಗೆ, ಖಾಕಿ, ಎರೆಮಣ್ಣು, ಚರ್ಮದ ನಾಲ್ಕೈದು ಛಾಯೆ — ಪದೇ ಪದೇ ಬೇಕಾಗುವ ಬಣ್ಣಗಳನ್ನು ಒಂದು ಪ್ಯಾಲೆಟ್ ಮಾಡಿಟ್ಟುಕೊಂಡರೆ ನಿಮ್ಮ ಪಾತ್ರಗಳ ಬಣ್ಣ ದಿನಕ್ಕೊಂದಾಗುವುದಿಲ್ಲ.

ನೀರುಬಣ್ಣದ ಸೊಗಸು ಬಿಡಲಾರೆ ಎನ್ನುವವರು ಅದನ್ನೂ ಒಯ್ಯಬಹುದು. ದಪ್ಪ ಹಾಳೆಯ ಮೇಲೆ ಬರೀ ಬೂದು ವಾಶ್ (ನೀರು ಬೆರೆಸಿದ ತೆಳು ಬಣ್ಣ) ಹಾಕಿ ಸ್ಕ್ಯಾನ್ ಮಾಡಿ, ಚಿತ್ರದ ಮೇಲೆ ಮಲ್ಟಿಪ್ಲೈನಲ್ಲಿ ತಿಳಿಯಾಗಿ ಹಾಸಿ. ಬಣ್ಣ ಕಂಪ್ಯೂಟರಿನದು, ಹರಿವು ನಿಮ್ಮ ಬ್ರಷ್ಷಿನದು.

ಪೆನ್ನಿಗೆ ಕೈ ಪಳಗಿಸುವುದು

ಟ್ಯಾಬ್ಲೆಟ್ ಬಂದ ದಿನ ಚಿತ್ರ ಬರೆಯಬೇಡಿ, ಬರೀ ಹೊಂದಿಸಿ. ಡ್ರೈವರನ್ನು (ಟ್ಯಾಬ್ಲೆಟ್ ನಡೆಸುವ ಸಾಫ್ಟ್‌ವೇರ್) ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಿ. ಬೇರೆ ಕಂಪನಿಯ ಹಳೆಯ ಡ್ರೈವರ್ ಇದ್ದರೆ ಮೊದಲು ಅದನ್ನು ತೆಗೆಯಿರಿ, ಎರಡು ಒಟ್ಟಿಗಿದ್ದರೆ ಜಗಳವಾಡುತ್ತವೆ. ಆಮೇಲೆ ಒಂದು ಪರೀಕ್ಷೆ: ಒಂದು ಬಳೆಯನ್ನು ಟ್ಯಾಬ್ಲೆಟ್ ಮೇಲಿಟ್ಟು ಪೆನ್ನಿನಿಂದ ಒಳಸುತ್ತು ಎಳೆಯಿರಿ. ಪರದೆಯ ಮೇಲೆ ದುಂಡಗೆ ಬಂದರೆ ಸರಿ. ಮೊಟ್ಟೆಯಾಗಿ ಬಂದರೆ ಟ್ಯಾಬ್ಲೆಟ್ಟಿನ ಉದ್ದಗಲದ ಪ್ರಮಾಣ ಮಾನಿಟರಿನದಕ್ಕೆ ಹೊಂದಿಲ್ಲ ಎಂದರ್ಥ. ಡ್ರೈವರಿನಲ್ಲಿ ಪ್ರಮಾಣ ಕಾಯುವ ಆಯ್ಕೆ ಹಾಕಿ. ಇದನ್ನು ಮಾಡದೆ "ಗೆರಿ ಸೊಟ್ಟ ಬರ್ತಾವ" ಎಂದು ಕೈಯನ್ನು ಬೈದುಕೊಳ್ಳುವವರೇ ಜಾಸ್ತಿ.

ಎರಡನೆಯದು ಒತ್ತಡ. ನಿಬ್ಬಿನಲ್ಲಿ ಬರೆದ ಕೈ ಹಗುರ, ಬಾಲ್‌ಪೆನ್ನಿನ ಕೈ ಭಾರ. ಕ್ರಿಟಾದ ಟ್ಯಾಬ್ಲೆಟ್ ಸೆಟ್ಟಿಂಗಿನಲ್ಲಿ ಒತ್ತಡದ ಒಂದು ವಕ್ರರೇಖೆ ಇದೆ. ಹಗುರ ಕೈಯವರು ಅದನ್ನು ಮೇಲಕ್ಕೆ ಉಬ್ಬಿಸಿ, ಭಾರ ಕೈಯವರು ಕೆಳಕ್ಕೆ ತಗ್ಗಿಸಿ. ಜಾರುತ್ತದೆ ಎನಿಸಿದರೆ ಟ್ಯಾಬ್ಲೆಟ್ ಮೇಲೆ ಒಂದು ಡ್ರಾಯಿಂಗ್ ಹಾಳೆ ಅಂಟಿಸಿ. ಪೆನ್ನು ಹಾಳೆಯ ಮೂಲಕವೂ ಕೆಲಸ ಮಾಡುತ್ತದೆ, ನಿಬ್ಬು ಮಾತ್ರ ಬೇಗ ಸವೆಯುತ್ತದೆ.

ಕೈ ಇಲ್ಲಿ, ಕಣ್ಣು ಪರದೆಯಲ್ಲಿ — ಇದಕ್ಕೆ ಒಗ್ಗಿಕೊಳ್ಳಲು ವೃತ್ತ, ಚೌಕ ಬರೆಯುವುದಕ್ಕಿಂತ ಅ ಆ ಇ ಈ ಬರೆಯಿರಿ. ನಮ್ಮ ಅಕ್ಷರಗಳಲ್ಲಿ ಇಲ್ಲದ ಬಾಗು ಯಾವುದು? ಕೈಗೆ ಅವುಗಳ ದಾರಿ ಮೊದಲೇ ಗೊತ್ತಿರುವುದರಿಂದ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ದಿನಾ ಅರ್ಧ ತಾಸು, ಟ್ಯಾಬ್ಲೆಟ್ಟನ್ನು ಮಾನಿಟರಿಗೆ ನೇರವಾಗಿಟ್ಟು. ಕಾಗದವನ್ನು ಓರೆ ತಿರುಗಿಸುವ ಅಭ್ಯಾಸವಿದ್ದವರು ಟ್ಯಾಬ್ಲೆಟ್ ತಿರುಗಿಸಬಾರದು. ಕ್ರಿಟಾದಲ್ಲಿ 4 ಮತ್ತು 6 ಒತ್ತಿದರೆ ಹಾಳೆಯೇ ತಿರುಗುತ್ತದೆ, 5 ಒತ್ತಿದರೆ ನೆಟ್ಟಗಾಗುತ್ತದೆ. ಎಂ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಮಗುಚುತ್ತದೆ. ಕಾಗದವನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡುತ್ತಿದ್ದಿರಲ್ಲ, ಅದೇ.

ಇಂಕು

ಪೆನ್ಸಿಲ್ ಕಾಗದದ ಮೇಲೇ ಮಾಡಿ, ಸ್ಕ್ಯಾನ್ ಮಾಡಿ, ಅದರ ಪದರವನ್ನು ತಿಳಿ ಮಾಡಿ. ಮೇಲೆ ಹೊಸ ಪದರದಲ್ಲಿ ಇಂಕು. ಲೈಟ್ ಬಾಕ್ಸ್ ಮೇಲೆ ಟ್ರೇಸ್ ಮಾಡಿ ಗೊತ್ತಿದ್ದವರಿಗೆ ಹೊಸತೇನಲ್ಲ.

ಬ್ರಷ್‌ಗಳು ಕ್ರಿಟಾದಲ್ಲಿ ನೂರಾರಿವೆ, ಒಂದನ್ನು ಹಿಡಿಯಿರಿ. ನಿಬ್ಬಿನ ಕೈಯವರಿಗೆ ಇಂಕ್-3 ಜಿಪೆನ್, ಬ್ರಷ್ಷಿನ ಕೈಯವರಿಗೆ ಇಂಕ್-7 ಬ್ರಷ್ ರಫ್. ಕೈನಡುಕ ಮುಚ್ಚುವ ಸ್ಟೆಬಿಲೈಸರ್ ಇದೆ; ಉದ್ದ ಗೆರೆಗಳಿಗೆ, ಬಸ್ಸಿನ ಬಾಡಿಗೆ, ತಂತಿಗೆ ಹಾಕಿ. ಮುಖ ಬರೆಯುವಾಗ ತೆಗೆದುಬಿಡಿ. ಅದು ಗೆರೆಯನ್ನು ಪೆನ್ನಿನ ಹಿಂದೆ ಎಳೆದುಕೊಂಡು ಬರುತ್ತದೆ. ಮೂಗಿನ ತುದಿಯ ಚುರುಕು ತಿರುವು ದುಂಡಗಾಗಿ ಅಜ್ಜನ ವ್ಯಂಗ್ಯವೇ ಹೋಗುತ್ತದೆ.

ಜೂಮ್ ಇನ್ನೊಂದು ಬಲೆ. 400 ಪ್ರತಿಶತ ಹಿಗ್ಗಿಸಿ ಕಣ್ಣರೆಪ್ಪೆ ಬರೆದರೆ ಪತ್ರಿಕೆಯಲ್ಲಿ ಅದು ಚುಕ್ಕೆ. ಎರಡು ಕಾಲಂ ಚಿತ್ರ ಸುಮಾರು 8 ಸೆಂ.ಮೀ. ಅಗಲ ಎಂದಿಟ್ಟುಕೊಳ್ಳಿ, 300 ಡಿಪಿಐನಲ್ಲಿ 945 ಪಿಕ್ಸೆಲ್, ಅಷ್ಟೇ. ಅದರ ಎರಡು ಪಟ್ಟು ಅಗಲದ ಹಾಳೆ ತೆಗೆದುಕೊಂಡು, ಇಡೀ ಚಿತ್ರ ಪರದೆಯಲ್ಲಿ ಕಾಣುವಂತೆ ಇಟ್ಟೇ ಹೆಚ್ಚಿನ ಗೆರೆ ಹಾಕಿ. ಕಂಟ್ರೋಲ್-ಝಡ್ ಒತ್ತಿ ಒತ್ತಿ ಒಂದೇ ಗೆರೆಯನ್ನು ಹತ್ತು ಸಲ ಎಳೆಯುವವರಿಗೆ ಹೇಳುವುದು: ಮೂರನೆಯ ಸಲದ್ದನ್ನು ಬಿಟ್ಟು ಮುಂದೆ ಹೋಗಿ.

ಪೆನ್ಸಿಲನ್ನೂ ಪರದೆಗೆ ಒಯ್ಯುವುದು ಇದಾದ ಮೇಲೆ ತಾನಾಗಿ ಆಗುತ್ತದೆ, ಅದಕ್ಕೆ ಬೇರೆ ಪಾಠ ಬೇಡ. ಒಯ್ಯದಿದ್ದರೂ ಅಡ್ಡಿಯಿಲ್ಲ. ಪ್ರದರ್ಶನಕ್ಕೆ ಇಡಲು, ಮಾರಲು ಮೂಲಚಿತ್ರ ಬೇಕೆನ್ನುವವರು ಇಂಕನ್ನೂ ಕಾಗದದ ಮೇಲೇ ಉಳಿಸಿಕೊಂಡು ಬಣ್ಣಕ್ಕಷ್ಟೇ ಕಂಪ್ಯೂಟರ್ ಬಳಸಲಿ.

ಮಾತು ಬರೆಯುವುದು

ಕೈಬರಹ ಚಂದ ಇದ್ದವರು ಕೈಯಲ್ಲೇ ಬರೆಯಿರಿ, ಚಿತ್ರಕ್ಕೆ ಅದೇ ಒಪ್ಪುವುದು. ಟೈಪ್ ಮಾಡುವವರು ಯೂನಿಕೋಡ್ ಫಾಂಟ್ ಬಳಸಿ. ಗೂಗಲ್ ಫಾಂಟ್ಸ್‌ನಲ್ಲಿ ಬಲೂ ತಮ್ಮ, ಅಕಯ ಕನಡಕ ಇವೆ, "ಹುಬ್ಬಳ್ಳಿ" ಹೆಸರಿನದೇ ಒಂದು ಫಾಂಟೂ ಇದೆ. ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ನಿಂತರೆ ಟೈಪ್ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಹಾಕಬೇಕು. ಉಚಿತದ ಇಂಕ್‌ಸ್ಕೇಪ್‌ನಲ್ಲಿ ಕನ್ನಡ ಸರಿಯಾಗಿ ಕೂಡುತ್ತದೆ. ಅಲ್ಲಿ ಟೈಪ್ ಮಾಡಿ, ಪಾತ್ (ಅಕ್ಷರವಲ್ಲ, ಬರೀ ಆಕಾರ) ಆಗಿ ಬದಲಿಸಿ ತಂದರೆ ಪತ್ರಿಕೆಯವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ.

ಬಲೂನು ಬರೆಯುವ ಮುಂಚೆ ಮಾತು ಬರೆಯಿರಿ. ನಮ್ಮ ಕಡೆಯ ಮಾತಿಗೆ ಕೆಳಗೆ ಜಾಗ ಹೆಚ್ಚು ಬೇಕು: "ಹುಬ್ಬಳ್ಳ್ಯಾಗ", "ಪ್ಯಾಟ್ಯಾಗ", "ಬಸ್‌ಸ್ಟ್ಯಾಂಡಿನ್ಯಾಗ" — ಒತ್ತಿನ ಕೆಳಗೆ ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗದಂತೆ ಸಾಲಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡಿ.

ಅಚ್ಚಿಗೆ ಕೊಡುವಾಗ

ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಇಂಕಿನಿಂದ. ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು ಅಚ್ಚಿನಲ್ಲಿ ತಕ್ಕಮಟ್ಟಿಗೆ ಬರುತ್ತದೆ. ಪರದೆಯ ಮೇಲೆ ಝಗಮಗಿಸುವ ಹಸಿರು ಮಂಕಾಗುತ್ತದೆ, ಅಪ್ಪಟ ನೀಲಿ ನೇರಳೆಗೆ ತಿರುಗುತ್ತದೆ. ಅಜ್ಜಿಯ ಸೀರೆಯ ನೀಲಿಯನ್ನು ಅದಕ್ಕೇ ಮೊದಲೇ ಪಳಗಿಸಿ ಆರಿಸಿ.

ಎಲ್ಲಕ್ಕಿಂತ ಮುಖ್ಯ ಕಪ್ಪು ಗೆರೆ. ಆರ್‌ಜಿಬಿ ಕಪ್ಪನ್ನು ಹಾಗೇ ಸಿಎಂವೈಕೆಗೆ ಬದಲಿಸಿದರೆ ಅದು ನಾಲ್ಕೂ ಇಂಕುಗಳ ಕಪ್ಪಾಗುತ್ತದೆ. ಪ್ರೆಸ್ಸಿನಲ್ಲಿ ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಗೆರೆಯ ಅಂಚಿನಲ್ಲಿ ಗುಲಾಬಿ, ನೀಲಿ ಇಣುಕುತ್ತದೆ. ಬೆಳಗಿನ ಪತ್ರಿಕೆಯಲ್ಲಿ ಎಷ್ಟೋ ಸಲ ನೋಡಿರುತ್ತೀರಿ. ಅದಕ್ಕೆ ಪದರಗಳಿರುವ ಫೈಲಿನ ಒಂದು ನಕಲು ಮಾಡಿ, ಇಮೇಜ್ ಮೆನುವಿನಿಂದ ಸಿಎಂವೈಕೆಗೆ ಬದಲಿಸಿ, ಗೆರೆಯ ಪದರದ ಬೀಗ ತೆಗೆದು, ಆಲ್ಫಾ ಲಾಕ್ (ಖಾಲಿ ಜಾಗಕ್ಕೆ ಬಣ್ಣ ಹತ್ತದಂತೆ ಕಾಯುವುದು) ಹಾಕಿ, ಕಪ್ಪು 100, ಉಳಿದ ಮೂರು ಸೊನ್ನೆ ಇರುವ ಬಣ್ಣ ತುಂಬಿ, ಪದರವನ್ನು ಮಲ್ಟಿಪ್ಲೈಗೆ ಹಾಕಿ. ನ್ಯೂಸ್‌ಪ್ರಿಂಟ್ ಕಾಗದ ಇಂಕು ಹೀರಿ ಹರಡುತ್ತದೆ. ಒಂದು ಜಾಗದಲ್ಲಿ ನಾಲ್ಕೂ ಇಂಕುಗಳ ಒಟ್ಟು ಮೊತ್ತ 240 ಪ್ರತಿಶತ ದಾಟದಿರಲಿ. ಗದಗಿನ ಪ್ರೆಸ್ಸಿನಲ್ಲಿ ಕ್ಯಾಲೆಂಡರಿಗೋ ಮಕ್ಕಳ ಪುಸ್ತಕಕ್ಕೋ ಬರೆಯುವುದಾದರೆ ನಯವಾದ ಕಾಗದ ಇದಕ್ಕಿಂತ ಹೆಚ್ಚು ತಡೆಯುತ್ತದೆ. ಅವರ ಕಲರ್ ಪ್ರೊಫೈಲ್ (ಅವರ ಇಂಕು-ಕಾಗದದ ಬಣ್ಣ ಹೇಳುವ ಫೈಲು) ಕೇಳಿ ಪಡೆದು ಅದಕ್ಕೇ ಬದಲಿಸಿ.

ಪತ್ರಿಕೆಗೆ ಟಿಫ್, ಜಾಲತಾಣಕ್ಕೆ 1080 ಪಿಕ್ಸೆಲ್ ಅಗಲದ ಆರ್‌ಜಿಬಿ ಪಿಎನ್‌ಜಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ. ಫೋಟೋ ಎಂದು ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ. ಕರೆಂಟು ಹೋಗುವ ಊರುಗಳಲ್ಲಿ ಕ್ರಿಟಾದ ಆಟೋಸೇವ್ 5 ನಿಮಿಷಕ್ಕೆ ಇಟ್ಟುಕೊಳ್ಳಿ. ಪದರಗಳಿರುವ ಮೂಲ ಫೈಲಿನ ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಒಂದು ಗೂಗಲ್ ಡ್ರೈವ್‌ನಲ್ಲಿ ಇರಲಿ; ಹೆಸರು ವರ್ಷ-ತಿಂಗಳು-ದಿನಾಂಕದಿಂದ ಶುರುವಾದರೆ ಮೂರು ವರ್ಷದ ನಂತರ ಸಂಪಾದಕರು ಹಳೆಯ ಚಿತ್ರ ಕೇಳಿದಾಗ ಹುಡುಕಾಡಬೇಕಾಗುವುದಿಲ್ಲ.